ಹತ್ತು ನಿಮಿಷದ ಕೈಗುಣ

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ಸಕ್ಕರೆ ಕಾಯಿಲೆಯಿರುವ ಅವರ ತಾಯಿಯ ಬಲಭುಜ ಹಿಡಿದುಕೊಂಡು ಆರು ತಿಂಗಳಾಗಿದೆ, ತಲೆ ಬಾಚಿಕೊಳ್ಳಲೂ ಆಗುತ್ತಿಲ್ಲ. ಶಿವಮೊಗ್ಗಕ್ಕೆ ಕರೆದೊಯ್ದರೆ ಫಿಸಿಯೋಥೆರಪಿಸ್ಟ್ ಹತ್ತು ನಿಮಿಷ ಮಾತ್ರ ಕೈಯಿಂದ ಚಿಕಿತ್ಸೆ ಮಾಡಿ, ಉಳಿದ ಹೊತ್ತೆಲ್ಲ ವ್ಯಾಯಾಮ ಹೇಳಿಕೊಟ್ಟರಂತೆ. ಊರಿನಲ್ಲಿ ಎಣ್ಣೆ ಹಚ್ಚಿ ಗಂಟೆಗಟ್ಟಲೆ ನೀವುವವರಿರುವಾಗ ಇಷ್ಟಕ್ಕೆ ಅಷ್ಟು ದೂರ ಹೋಗಬೇಕೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ತಮ್ಮ ಬೇಸರ ಸಹಜವಾದದ್ದು. ಫಿಸಿಯೋಥೆರಪಿ ಕೈಯಿಂದಲೇ ಬೆಳೆದ ವೃತ್ತಿ. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಕಟ್ಟಿದ ಅಂಗಮರ್ದನ ಮಾಡುವವರ ಸಂಘವೇ ಇಂದು ಬ್ರಿಟನ್ನಿನ ಫಿಸಿಯೋಥೆರಪಿಸ್ಟರ ಸಂಘವಾಗಿದೆ. ಆದರೆ ಆ ಹತ್ತು ನಿಮಿಷದಲ್ಲಿ ನಡೆದದ್ದು ನೀವುವ ಕೆಲಸವಲ್ಲ. ಒಂದು ಅಂಗೈಯನ್ನು ಬೆನ್ನಿನ ಹಲಗೆಮೂಳೆಯ ಮೇಲೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ತೋಳನ್ನು ಮೆಲ್ಲಗೆ ಎತ್ತಿದಾಗ, ಏಳುತ್ತಿರುವುದು ಕೀಲಿನಿಂದಲೋ ಅಥವಾ ಕೀಲು ಬಿಗಿದುಕೊಂಡು ಹಲಗೆಮೂಳೆಯೇ ಅದರ ಬದಲು ಮೇಲೇರುತ್ತಿದೆಯೋ ಎಂಬುದು ಬೆರಳಿಗೆ ತಿಳಿಯುತ್ತದೆ. ಎಕ್ಸ್-ರೇ ಇದನ್ನು ತೋರಿಸದು. ಬಳಿಕ ಕೀಲನ್ನು ಅಲುಗಿಸುವುದಕ್ಕೂ ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆಫ್ರಿ ಮೇಟ್‌ಲ್ಯಾಂಡ್ ಹಾಕಿಕೊಟ್ಟ ನಾಲ್ಕು ಹಂತಗಳಿವೆ: ನೋವು ಮುಂದಾಗಿದ್ದರೆ ಕೀಲು ಬಿಗಿಯುವ ಮೊದಲೇ ನಿಲ್ಲುವ ಮೊದಲೆರಡು, ಬಿಗಿತ ಮುಂದಾಗಿದ್ದರೆ ಆ ಬಿಗಿತದವರೆಗೂ ಹೋಗುವ ಕೊನೆಯ ಎರಡು. ನೋವು ಕೆರಳಿರುವ ಹೊತ್ತಿನಲ್ಲಿ ಬಲವಂತವಾಗಿ ಎಳೆದರೆ ಅದು ಇನ್ನಷ್ಟು ಕೆರಳುತ್ತದೆ. ಊರಿನ ನೀವಿಕೆಯ ಬಗ್ಗೆ ನನಗಿರುವ ಭಯ ಇದೊಂದೇ.

ಹಾಗಾದರೆ ಹತ್ತೇ ನಿಮಿಷ ಏಕೆ? ಕೈಯ ಸ್ಪರ್ಶ ನರಗಳ ಮೂಲಕ ನೋವನ್ನು ತಗ್ಗಿಸುತ್ತದೆ, ಆದರೆ ಆ ಹಗುರತನ ಸ್ವಲ್ಪ ಹೊತ್ತಿನದು, ಆ ಹೊತ್ತಿನಲ್ಲೇ ತೋಳು ಚಲಿಸಬೇಕು. ಇಂಗ್ಲೆಂಡಿನಲ್ಲಿ ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ನೈಸ್ ಸಂಸ್ಥೆ ಸೊಂಟನೋವಿನ ಬಗ್ಗೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ ಕೂಡ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೂಡಿಸಿಯೇ ಕೊಡಬೇಕೆನ್ನುತ್ತದೆ. ಭುಜಕ್ಕೂ ಇದೇ ಸರಿಯೆಂದು ನನ್ನ ನಂಬಿಕೆ. ನನಗೆ ನಿಜವಾಗಿ ಸಿಟ್ಟು ಬರುವುದು, ಯಾರೂ ಮುಟ್ಟಿ ನೋಡದೆ ಯಂತ್ರದ ತಂತಿ ಅಂಟಿಸಿ ಮಲಗಿಸಿ ಕಳಿಸುವ ಕಡೆ. ನನ್ನ ಕುತ್ತಿಗೆ ನೋವಿಗೆ ಒಂದು ಕ್ಲಿನಿಕ್ಕಿನಲ್ಲಿ ಎಂಟು ದಿನ ಅದೇ ಆಯಿತು. ತಮ್ಮ ತಾಯಿಯವರಿಗೆ ಸಿಕ್ಕಿದ್ದು ಅದಕ್ಕಿಂತ ಬಹಳ ಮೇಲು.

ಸಕ್ಕರೆ ಕಾಯಿಲೆಯವರಲ್ಲಿ ಭುಜ ಹಿಡಿಯುವುದು ಹೆಚ್ಚು, ಬಿಡುವುದೂ ನಿಧಾನ. ಒಂದೆರಡು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಸಕ್ಕರೆಯನ್ನು ಹತೋಟಿಯಲ್ಲಿಡಿ. ಬಚ್ಚಲ ಹಂಡೆಯ ಬಿಸಿನೀರಿನ ಸ್ನಾನವಾದೊಡನೆ, ಭುಜ ಸಡಿಲವಾಗಿರುವಾಗ, ಹೇಳಿಕೊಟ್ಟ ವ್ಯಾಯಾಮ ಮಾಡಿಸಿ. ಮುಂದಿನ ಸಲ ಹೋದಾಗ, ಮೊಣಕೈಯನ್ನು ಪಕ್ಕೆಗೆ ತಾಗಿಸಿಟ್ಟು ಮುಂಗೈ ಎಷ್ಟು ಹೊರಕ್ಕೆ ತಿರುಗುತ್ತದೆಂದು ಅಳೆದು ಬರೆದುಕೊಡಲು ಕೇಳಿ. ಹಿಡಿದ ಭುಜದಲ್ಲಿ ಮೊದಲು ಕುಗ್ಗುವ ಚಲನೆ ಅದೇ. ತಿಂಗಳ ನಂತರ ಮತ್ತೆ ಅಳೆಸಿ, ಎರಡೂ ಅಳತೆಗಳನ್ನು ನಮಗೂ ಬರೆದು ತಿಳಿಸಿ.

– ಸಂಪಾದಕ