ಲಸಿಕೆ ನಿಂತ ಮೇಲೆ ಮಂಗನ ಕಾಯಿಲೆಗೆ ಏನು ದಾರಿ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು, ಮನೆ ಕಾಡಂಚಿಗೇ ಇದೆ. ಅಮ್ಮನಿಗೆ 62 ವರ್ಷ. ಮೊದಲೆಲ್ಲ ಮಂಗನ ಕಾಯಿಲೆಯ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದರು. ಈಗ ಆಶಾ ಕಾರ್ಯಕರ್ತೆ ಎಣ್ಣೆ ಬಾಟಲಿ ಕೊಟ್ಟು ಹೋಗುತ್ತಾರೆ. ಕೊಟ್ಟಿಗೆಗೆ ದರಗು (ಒಣಎಲೆ) ತರಲು ಅಮ್ಮ ಕಾಡಿಗೆ ಹೋಗುವುದು ತಪ್ಪುವುದಿಲ್ಲ. ಲಸಿಕೆ ಏಕೆ ನಿಂತಿತು? ಬರೀ ಎಣ್ಣೆ ಸಾಕೇ?

ಉತ್ತರ: ಬರೀ ಎಣ್ಣೆ ಸಾಲದು. ಆದರೆ ಹೊಸ ಲಸಿಕೆ ಬರುವವರೆಗೆ ಅದನ್ನು ಬಿಡುವಂತೆಯೂ ಇಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗುರುತಿಸಿದ ವೈರಸ್ ಇದು. ಉಣುಗು (ಉಣ್ಣೆ) ಕಚ್ಚಿದಾಗ ಮನುಷ್ಯರಿಗೆ ಬರುತ್ತದೆ. ಹಳೆಯ ಲಸಿಕೆಯ ಎರಡು ಡೋಸ್ ಪಡೆದವರಲ್ಲಿ ಸುಮಾರು 62%, ಬೂಸ್ಟರ್ ಕೂಡ ಪಡೆದವರಲ್ಲಿ 83% ರಕ್ಷಣೆ ಸಿಕ್ಕಿತ್ತು ಎಂದು ಒಂದು ಅಧ್ಯಯನ ತೋರಿಸಿತ್ತು. ವರ್ಷ ಕಳೆದಂತೆ ಅದರ ಶಕ್ತಿ ಕುಂದಿತು. ಲಸಿಕೆ ಪಡೆದವರಿಗೂ ಕಾಯಿಲೆ ಬಂತು. 2022ರಲ್ಲಿ ಅದನ್ನು ನಿಲ್ಲಿಸಿದರು. ಕೆಲಸ ಮಾಡದ ಲಸಿಕೆ ಹುಸಿ ಧೈರ್ಯ ಕೊಡುತ್ತದೆ, ಹಾಗಾಗಿ ನಿಲ್ಲಿಸಿದ್ದು ಸರಿ. ಬದಲಿಯನ್ನು ಮೊದಲೇ ಸಿದ್ಧಪಡಿಸದೆ ಹೋದದ್ದು ಮಾತ್ರ ಮಲೆನಾಡಿಗೆ ಆದ ಅನ್ಯಾಯ. ಈಗ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸ ಲಸಿಕೆ ತಯಾರಿಸುವ ಕೆಲಸದಲ್ಲಿವೆ.

ಅಮ್ಮನಿಗೆ ಅಪಾಯ ಇರುವುದು ಆ ದರಗಿನಲ್ಲೇ. ಕಾಯಿಲೆ ಹೆಚ್ಚುವುದು ಡಿಸೆಂಬರಿನಿಂದ ಮೇವರೆಗೆ. ಆಗ ಒಣಎಲೆಯ ನಡುವೆ ಉಣುಗಿನ ಮರಿಗಳು ಕಾದಿರುತ್ತವೆ, ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣವು. ಸಾಧ್ಯವಾದರೆ ಆ ತಿಂಗಳುಗಳಿಗೆ ಬೇಕಾದ ದರಗನ್ನು ಮೊದಲೇ ತಂದು ಒಟ್ಟಿಟ್ಟುಕೊಳ್ಳಿ. ಹೋಗಲೇಬೇಕಾದರೆ ತುಂಬುತೋಳಿನ ಅಂಗಿ ಇರಲಿ. ಆಶಾ ಕಾರ್ಯಕರ್ತೆ ಕೊಡುವ, ಉಣುಗನ್ನು ದೂರ ಇಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ, ಕುತ್ತಿಗೆಗೆ ಸವರಲಿ. ಬೆವರಿಗೆ ಅದು ಇಳಿದುಹೋಗುತ್ತದೆ, ಬೆಳಿಗ್ಗೆ ಒಮ್ಮೆ ಹಚ್ಚಿ ಸಂಜೆವರೆಗೆ ನಂಬಬಾರದು. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಕಂಕುಳು, ಸೊಂಟ, ಮೊಣಕಾಲಿನ ಹಿಂದೆ ನೋಡಿಕೊಳ್ಳಲಿ. ಅಂಟಿದ ಉಣುಗನ್ನು ಬೆರಳಲ್ಲಿ ಹೊಸಕದೆ ಚಿಮುಟದಿಂದ ಎಳೆಯಿರಿ. ದನಗಳಿಗೂ ಉಣುಗಿನ ಔಷಧಿ ಹಾಕಿಸಿ, ಉಣುಗು ಕೊಟ್ಟಿಗೆಗೆ ಬರುವುದು ಅವುಗಳ ಮೈಮೇಲೇ.

ಮುಸುವವೋ ಮಂಗವೋ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಹೆಣ ಬಿಟ್ಟ ಉಣುಗುಗಳು ಅಲ್ಲೇ ಸುತ್ತ ಹರಡಿರುತ್ತವೆ. ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಗೋ ಅಂದೇ ತಿಳಿಸಿ. ಊರಿಗೆ ಸಿಗುವ ಮೊದಲ ಎಚ್ಚರಿಕೆ ಅದು.

ಪ್ರಶ್ನೆ: ಜ್ವರ ಬಂದರೆ ಇದೇ ಕಾಯಿಲೆ ಎಂದು ಹೇಗೆ ತಿಳಿಯುವುದು? ಮನೆಯವರಿಗೆ ಅಂಟುತ್ತದೆಯೇ?

ಉತ್ತರ: ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಸಿಡಿತ, ಸೊಂಟ ಮತ್ತು ಮೀನಖಂಡದಲ್ಲಿ ತಡೆಯಲಾರದ ನೋವು, ಕೆಂಪು ಕಣ್ಣು. ಪ್ಲೇಟ್‌ಲೆಟ್ ಇಳಿಯುವುದರಿಂದ ಡೆಂಗಿ ಎಂದು ತಪ್ಪಾಗಿ ತಿಳಿಯುವ ಸಾಧ್ಯತೆ ಇದೆ. ಅದಕ್ಕೇ ಯಾವ ಡಾಕ್ಟರ ಬಳಿ ಹೋದರೂ ಕಾಡಿಗೆ ಹೋಗಿದ್ದನ್ನು ಮೊದಲು ಹೇಳಿ, ಆರ್‌ಟಿ-ಪಿಸಿಆರ್ ಪರೀಕ್ಷೆ ಕೇಳಿ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ, ಆದರೂ ಬೇಗ ದಾಖಲಾದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಸಾವು 100ಕ್ಕೆ 3ರಿಂದ 5. ನೋವಿಗೆಂದು ಆಸ್ಪಿರಿನ್, ಬ್ರೂಫೆನ್ ಬೇಡ, ರಕ್ತಸ್ರಾವ ಹೆಚ್ಚುತ್ತದೆ.

ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ರೋಗಿಯನ್ನು ದೂರ ಇಡಬೇಡಿ, ಪಕ್ಕದಲ್ಲೇ ಕೂತು ಗಂಜಿ ಕುಡಿಸಿ. ಜ್ವರ ಬಿಟ್ಟು ವಾರದ ಮೇಲೆ ಮತ್ತೆ ಬಂದು, ಮಾತು ತೊದಲಿದರೆ, ಕೈ ನಡುಗಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.