ಎರಡು ದಿನಕ್ಕೆ ವಿಯೆನ್ನಾ ಸಾಕಾ?

ತಿರುಗಾಟದ ಬಗ್ಗೆ ಓದುಗರು ಕೇಳಿದ್ದಕ್ಕೆ ಇಲ್ಲಿ ಉತ್ತರ ಬರೆಯುತ್ತೇನೆ. ಈ ಸಲ ಗೋಣಿಕೊಪ್ಪ, ಮಡಿಕೇರಿ, ಸೋಮವಾರಪೇಟೆ, ಸಿದ್ದಾಪುರದಿಂದ ಬಂದ ನಾಲ್ಕು ಪತ್ರಗಳೂ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಮೇಲೇ ಇವೆ. ಕೊಡಗಿನವರಿಗೆ ಇದ್ದಕ್ಕಿದ್ದಂತೆ ಆ ಊರಿನ ಮೇಲೆ ಯಾಕೆ ಇಷ್ಟು ಪ್ರೀತಿ ಬಂತೋ. ಕಾಫಿಯೇ ಇರಬೇಕು.

*ಪ್ರಶ್ನೆ: ಅಣ್ಣ, ನಾವು ನಾಲ್ವರು ಕಾಲೇಜು ಗೆಳೆಯರು. ಮೂವರು ಇಲ್ಲೇ ತೋಟ ನೋಡಿಕೊಂಡಿದ್ದೇವೆ, ಒಬ್ಬ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಗೆ ಹತ್ತು ದಿನಕ್ಕೆ ಹೋಗುವವರಿದ್ದೇವೆ. ನಡುವೆ ಒಂದು ಶನಿವಾರ, ಭಾನುವಾರ ವಿಯೆನ್ನಾ ನೋಡಿ ಬರೋಣ ಅಂತ. ಎರಡು ದಿನ ಸಾಕಾ? ಯಾವ ತಿಂಗಳು ಒಳ್ಳೆಯದು? ಎರಡು ದೇಶಕ್ಕೂ ಬೇರೆ ಬೇರೆ ವೀಸಾ ಬೇಕಾ? ನೋಡಬೇಕಾದ ಜಾಗಗಳ ಪಟ್ಟಿ ಜೊತೆಗಿದೆ. — ತೋಟದ ಮೂವರು, ಗೋಣಿಕೊಪ್ಪ*

ಎರಡು ದಿನ ಸಾಕು. ನಿಮ್ಮ ಪಟ್ಟಿಗೆ ಮಾತ್ರ ಸಾಲದು. ಅದರಲ್ಲಿ ಹದಿನೇಳು ಜಾಗ ಇವೆ, ಮಾರಾಯ್ರೇ! ದಿನಕ್ಕೆ ಎರಡು ಜಾಗ ನೋಡಿ, ಉಳಿದ ಹೊತ್ತು ಸುಮ್ನೆ ನಡೆಯಿರಿ, ಎಲ್ಲಾದರೂ ಕೂತುಕೊಳ್ಳಿ. ಇದು ಓದಿ ಹೇಳುವ ಮಾತಲ್ಲ, ಪೆಟ್ಟು ತಿಂದು ಹೇಳುವ ಮಾತು. ಕೆಲವು ವರ್ಷದ ಹಿಂದೆ ನಾವು ಐದು ಜನ ಹೀಗೇ ಪಟ್ಟಿ ಹಿಡಿದುಕೊಂಡು ಹೋಗಿದ್ದೆವು. ಪಟ್ಟಿ ಬರೆದವನು ನಮ್ಮ ಪೈಕಿ ಬ್ಯಾಂಕಿನಲ್ಲಿದ್ದವನು, ಒಂದೊಂದು ಜಾಗಕ್ಕೂ ಇಷ್ಟು ನಿಮಿಷ ಅಂತ ಲೆಕ್ಕ ಹಾಕಿದ್ದ. ಶನಿವಾರ ಸಂಜೆ ಐದು ಗಂಟೆಗೆ ಟ್ರಾಮ್ ಸ್ಟಾಪಿನ ಬೆಂಚಿನ ಮೇಲೆ ಒಬ್ಬ ಶೂ ಕಳಚಿ ಹಿಮ್ಮಡಿಯ ಗುಳ್ಳೆ ನೋಡಿಕೊಳ್ಳುತ್ತಿದ್ದ, ಇನ್ನಿಬ್ಬರು ಮಾತು ಬಿಟ್ಟಿದ್ದರು, ಬ್ಯಾಂಕಿನವನು ಪೆನ್ನು ತೆಗೆದು ಹನ್ನೊಂದನೇ ಜಾಗಕ್ಕೆ ಟಿಕ್ ಹಾಕುತ್ತಿದ್ದ. ಆ ಹನ್ನೊಂದರಲ್ಲಿ ನನಗೆ ಇವತ್ತು ನೆನಪಿರುವುದು ಮೂರೋ ನಾಲ್ಕೋ.

ತಿಂಗಳ ವಿಷಯ. ತೋಟದವರಿಗೆ ನಾನೇನು ಹೇಳುವುದು, ನವೆಂಬರ್‌ನಿಂದ ಕಾಫಿ ಕೊಯ್ಲು, ಅದು ಮುಗಿಯುವಷ್ಟರಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಂತಾ ಇಲ್ವಾ ಅಂತ ಆಕಾಶ ನೋಡುವ ಕೆಲಸ, ಬರದಿದ್ದರೆ ಸ್ಪ್ರಿಂಕ್ಲರ್. ಜೂನ್ ಬಂದ ಮೇಲೆ ಆಗಸ್ಟ್ ಮುಗಿಯುವ ತನಕ ಮನೆ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ, 2018ರ ಮಳೆ, ಭೂಕುಸಿತದ ನಂತರವಂತೂ ಇಲ್ಲವೇ ಇಲ್ಲ. ಹಾಗಾಗಿ ಉಳಿಯುವುದು ಮೇ ತಿಂಗಳು, ಇಲ್ಲವೇ ಕೈಲ್ ಮುಹೂರ್ತ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರ್. ಅದೃಷ್ಟಕ್ಕೆ ಈ ಎರಡೂ ವಿಯೆನ್ನಾಕ್ಕೆ ಒಳ್ಳೆಯ ಕಾಲ. ಮೇ ತಿಂಗಳಲ್ಲಿ ರಾತ್ರಿ ಎಂಟಾದರೂ ಬೆಳಕು ಇರುತ್ತದೆ. ಕ್ರಿಸ್‌ಮಸ್ ಸಂತೆ ಚೆಂದ ಅಂತ ಎಲ್ಲರೂ ಹೇಳುತ್ತಾರೆ, ನಿಜ, ಆದರೆ ಅದು ನಡೆಯುವುದು ನವೆಂಬರ್ ಮಧ್ಯದಿಂದ ಡಿಸೆಂಬರ್ ಕೊನೆಯವರೆಗೆ. ಹುತ್ತರಿ ಬಿಟ್ಟು, ಕೊಯ್ಲು ಬಿಟ್ಟು ಹೋಗ್ತೀರಾ?

ವೀಸಾ ಒಂದೇ ಸಾಕು. ಜರ್ಮನಿ, ಆಸ್ಟ್ರಿಯಾ ಎರಡೂ ಷೆಂಗೆನ್ ಒಳಗೇ ಬರುತ್ತವೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ಅಂದರೆ ನಿಮಗೆ ಜರ್ಮನಿ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಆ ಗಡುವಿನ ತನಕ ಕಾಯಬೇಡಿ. ದೊಡ್ಡವರಿಗೆ ಶುಲ್ಕ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕೇ ಬೇಕು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ತೋಟದವರು ಎಡವುವುದು ಆದಾಯದ ಕಾಗದದಲ್ಲಿ. ಸಂಬಳದ ಚೀಟಿ ಇಲ್ಲವಲ್ಲ, ಹಾಗಾಗಿ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಕಾಫಿ ಮಾರಿದ ಬಿಲ್ಲುಗಳು, ಪಹಣಿ ಇಡಿ. ಪಹಣಿ ಕನ್ನಡದಲ್ಲಿರುತ್ತದೆ, ಇಂಗ್ಲಿಷಿಗೆ ಅನುವಾದ ಮಾಡಿಸಿ. ಊರಲ್ಲಿ ತೋಟ ಇದೆ, ಕೊಯ್ಲಿಗೆ ವಾಪಸ್ ಬಂದೇ ಬರುತ್ತಾನೆ ಅಂತ ನಂಬಿಸಲು ಅದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ.

ಮ್ಯೂನಿಕ್‌ನಿಂದ ವಿಯೆನ್ನಾಕ್ಕೆ ರೈಲಿನಲ್ಲೇ ಹೋಗಿ, ವಿಮಾನ ಬೇಡ. ಸುಮಾರು ನಾಲ್ಕು ಗಂಟೆ ದಾರಿ, ಸಾಲ್ಜ್‌ಬರ್ಗ್ ಮೇಲೆ ಹೋಗುತ್ತದೆ. ಟಿಕೆಟ್ ಬೇಗ ಮಾಡಿಸಿದಷ್ಟು ಅಗ್ಗ. ರೈಲೇ ಇಲ್ಲದ ಜಿಲ್ಲೆಯವರು ನಾವು, ಆ ನಾಲ್ಕು ಗಂಟೆಯೂ ನಮಗೆ ಪ್ರವಾಸವೇ. ಪಾಸ್‌ಪೋರ್ಟ್ ಮಾತ್ರ ಗೆಳೆಯನ ಮನೆಯಲ್ಲಿ ಬಿಟ್ಟು ಹೋಗಬೇಡಿ. ಷೆಂಗೆನ್ ಒಳಗೇ ಓಡಾಡುವುದಾದರೂ ವಾಪಸ್ ಬರುವಾಗ ಗಡಿಯಲ್ಲಿ ಜರ್ಮನ್ ಪೊಲೀಸರು ರೈಲು ಹತ್ತಿ ಕೇಳುವುದುಂಟು.

ಶನಿವಾರ ಸ್ಟೆಫನ್ ಕೆಥೆಡ್ರಲ್ ಮತ್ತು ಅದರ ಸುತ್ತಿನ ಹಳೇ ಪೇಟೆ. ದಕ್ಷಿಣದ ಗೋಪುರ 136 ಮೀಟರ್ ಎತ್ತರ. ಹತ್ತುವುದಾದರೆ 343 ಮೆಟ್ಟಿಲು, ಸುರುಳಿ ಸುರುಳಿ, ಕಿರಿದು, ಮೇಲಿನಿಂದ ಯಾರಾದರೂ ಇಳಿದು ಬಂದರೆ ಗೋಡೆಗೆ ಒರಗಿ ದಾರಿ ಬಿಡಬೇಕು. ಹೊರಗೆ ನಿಂತು ಚಾವಣಿ ನೋಡಿ, ಬಣ್ಣದ ಹೆಂಚುಗಳನ್ನು ಅಂಕುಡೊಂಕಾಗಿ ಚಾಪೆ ನೇಯ್ದ ಹಾಗೆ ಜೋಡಿಸಿದ್ದಾರೆ. ಮಳೆಗೆ ಹೆಂಚು ಬದಲಿಸಿ ಬದಲಿಸಿ ಸಾಕಾಗಿರುವ ನಾವು ಐವರೂ ಚರ್ಚಿನ ಒಳಗಿಗಿಂತ ಜಾಸ್ತಿ ಹೊತ್ತು ನೋಡಿದ್ದು ಆ ಮಾಡನ್ನೇ. ಸಂಜೆ ರಿಂಗ್ ರಸ್ತೆ. ಮೊದಲು ಅಲ್ಲಿ ಊರಿನ ಕೋಟೆ ಗೋಡೆ ಇತ್ತು. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಅದನ್ನು ಕೆಡವಲು ಹೇಳಿದ, 1865ರಲ್ಲಿ ಅದೇ ಜಾಗದಲ್ಲಿ ಈ ರಸ್ತೆ ತೆರೆಯಿತು. ಒಪೆರಾ, ಪಾರ್ಲಿಮೆಂಟ್, ಎದುರುಬದುರಾಗಿ ನಿಂತ ಜೋಡಿ ಮ್ಯೂಸಿಯಂಗಳು ಎಲ್ಲ ಇದರ ಮೇಲೇ ಇವೆ. ಪ್ರವಾಸಿಗರ ಬಸ್ಸಿಗೆ ದುಡ್ಡು ಸುರಿಯಬೇಡಿ, 1 ಮತ್ತು 2ನೇ ನಂಬರಿನ ಮಾಮೂಲಿ ಟ್ರಾಮ್ ಹತ್ತಿ, ನಡುವೆ ಒಂದು ಸಲ ಬದಲಿಸಿದರೆ ಹೆಚ್ಚುಕಡಿಮೆ ಇಡೀ ಸುತ್ತು ಆಗುತ್ತದೆ.

ಭಾನುವಾರ ಬೆಳಿಗ್ಗೆ ಶೋನ್‌ಬ್ರುನ್ ಅರಮನೆ. ಟಿಕೆಟ್ಟಿನ ಮೇಲೆ ಒಳಗೆ ಹೋಗುವ ಹೊತ್ತು ಬರೆದಿರುತ್ತದೆ, ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. 1441 ಕೋಣೆ ಅನ್ನುತ್ತಾರೆ, ಹೆದರಬೇಡಿ, ನಮಗೆ ತೋರಿಸುವುದು ಸುಮಾರು 40. ಹಿಂದಿನ ತೋಟಕ್ಕೆ ದುಡ್ಡಿಲ್ಲ. ಅಲ್ಲೇ 1752ರಲ್ಲಿ ಶುರುವಾದ ಮೃಗಾಲಯ ಇದೆ, ಈಗಲೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಎಲ್ಲಕ್ಕಿಂತ ಹಳೆಯದು. ನಿಮ್ಮ ಪಟ್ಟಿಯಲ್ಲಿ ಅದೂ ಇದೆ. ಆನೆ ರಾತ್ರಿ ತೋಟಕ್ಕೇ ಬಂದು ಬಾಳೆ ಮುರಿದು ಹೋಗುವ ಊರಿನವರು, ಯೂರೋ ಕೊಟ್ಟು ಆನೆ ನೋಡಬೇಕಾ? ಅದರ ಬದಲು ಮಧ್ಯಾಹ್ನ ಬೆಲ್ವೆಡೇರ್ ಅರಮನೆಗೆ ಹೋಗಿ ಕ್ಲಿಮ್ಟ್ ಬರೆದ ‘ಮುತ್ತು’ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿ. ಅಲ್ಲಿಂದ ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದು.

ಇನ್ನು ಎರಡು ಮಾತು. ಒಂದು, ನಾಲ್ವರೂ ಅಂಟಿಕೊಂಡೇ ತಿರುಗಬೇಡಿ. ಒಬ್ಬನಿಗೆ ಮ್ಯೂಸಿಯಂ ಬೇಕು, ಇನ್ನೊಬ್ಬನಿಗೆ ಬಿಯರ್ ಬೇಕು, ಎಳೆದಾಡಿದರೆ ಜಗಳವೇ. ಇಂಥ ಜಾಗ, ಇಷ್ಟು ಗಂಟೆ ಅಂತ ಮಾತಾಡಿಕೊಂಡು ಬಿಟ್ಟುಬಿಡಿ. ಖರ್ಚಿಗೆ ಎಲ್ಲರೂ ಸಮ ಹಾಕಿ ಒಂದು ಕವರಿನಲ್ಲಿಟ್ಟು ಒಬ್ಬನ ಕೈಗೆ ಕೊಡಿ. ಎರಡು, ಕಾಗದದ ಟಿಕೆಟ್ ತೆಗೆದುಕೊಂಡರೆ ಮೊದಲ ಸಲ ಹತ್ತುವಾಗ ನೀಲಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಹೊಡೆಸಲೇಬೇಕು. ಅಲ್ಲಿನ ಮೆಟ್ರೋದಲ್ಲಿ ಗೇಟು ಇಲ್ಲ, ಯಾರೂ ತಡೆಯುವುದಿಲ್ಲ. ನಾವು ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಧೈರ್ಯವಾಗಿ ಕೂತಿದ್ದೆವು. ಎದುರಿಗೆ ಕೂತಿದ್ದ ಜೀನ್ಸ್ ಪ್ಯಾಂಟಿನ ಮನುಷ್ಯ ಎದ್ದು ಗುರುತಿನ ಚೀಟಿ ತೋರಿಸಿದ. ಮುದ್ರೆ ಇಲ್ಲದ ಟಿಕೆಟ್ ಅಂದರೆ ಟಿಕೆಟ್ ಇಲ್ಲ ಅಂತಲೇ ಲೆಕ್ಕ. ಒಬ್ಬೊಬ್ಬರಿಗೆ ನೂರು ಯೂರೋ ದಾಟಿತು ದಂಡ. ತಪ್ಪು ನಮ್ಮದೇ, ಅವನ ಮೇಲೆ ಸಿಟ್ಟಿಲ್ಲ. ಬ್ಯಾಂಕಿನವನ ಮೇಲೆ ಸ್ವಲ್ಪ ಇದೆ, ಟಿಕೆಟ್ ಅವನ ಇಲಾಖೆಯಾಗಿತ್ತು.

*ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಮೊಣಕಾಲು ನೋವಿದೆ. ಗೆಳೆಯರ ಜೊತೆ ಹೋಗಲು ಆಸೆ, ಅವರಿಗೆ ಹೊರೆಯಾಗುತ್ತೇನೋ ಅಂತ ಸಂಕೋಚ. ಡ್ಯಾನ್ಯೂಬ್ ನದಿ ದಡದಲ್ಲಿ ಕೂತು ಬರುವುದಾದರೂ ಸಾಧ್ಯವಾ? — ಮಡಿಕೇರಿ*

ಮೇಷ್ಟ್ರೇ, ಖಂಡಿತ ಹೋಗಿ. ಮೆಟ್ರೋದ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ. ಮಡಿಕೇರಿಯ ಏರು ಹತ್ತಿ ಇಳಿದ ಕಾಲಿಗೆ ವಿಯೆನ್ನಾದ ನಡುಭಾಗ ಸಪಾಟು. ಕೆಥೆಡ್ರಲ್‌ನ ಉತ್ತರದ ಗೋಪುರಕ್ಕೂ ಲಿಫ್ಟ್ ಇದೆ, ದೊಡ್ಡ ಗಂಟೆ ಇರುವುದೂ ಅಲ್ಲೇ. ಮೆಟ್ಟಿಲು ಹತ್ತಿದ ಗೆಳೆಯರು ಏದುಸಿರು ಬಿಡುವಾಗ ನೀವು ಗಂಟೆ ನೋಡಿ ಬಂದಿರುತ್ತೀರಿ.

ಡ್ಯಾನ್ಯೂಬ್ ಬಗ್ಗೆ ಒಂದು ಮಾತು. ಹಳೇ ಪೇಟೆಯ ಅಂಚಿನಲ್ಲಿ ಕಾಣುವ ನೀರು ಅದರ ಕಾಲುವೆ, ಅದನ್ನೇ ನದಿ ಅಂದುಕೊಂಡು ಫೋಟೋ ತೆಗೆದು ವಾಪಸ್ ಬಂದವರನ್ನು ನೋಡಿದ್ದೇನೆ. ನಿಜವಾದ ನದಿ ಬೇಕಾದರೆ U1 ಮೆಟ್ರೋ ಹತ್ತಿ ಡೊನೌಇನ್ಸೆಲ್ ನಿಲ್ದಾಣದಲ್ಲಿ ಇಳಿಯಿರಿ. ಅದೊಂದು ದ್ವೀಪ, ಸುಮಾರು 21 ಕಿಲೋಮೀಟರ್ ಉದ್ದ, ಪೂರ್ತಿ ಮನುಷ್ಯರು ಮಾಡಿದ್ದು. ನೆರೆ ತಡೆಯಲು ನದಿಯ ಪಕ್ಕದಲ್ಲೇ ಇನ್ನೊಂದು ಪಾತ್ರ ತೋಡಿದರು, ತೋಡಿದ ಮಣ್ಣೇ ನಡುವೆ ದ್ವೀಪವಾಯಿತು. 1972ರಿಂದ 1988ರ ತನಕ ಕೆಲಸ ನಡೆಯಿತು. ಮಾಮೂಲಿ ದಿನ ಜನ ಅಲ್ಲಿ ಸೈಕಲ್ ಹೊಡೆಯುತ್ತಾರೆ, ಈಜುತ್ತಾರೆ. ನದಿ ಏರಿದಾಗ ಗೇಟು ತೆಗೆದು ಹೆಚ್ಚಿನ ನೀರನ್ನು ಹೊಸ ಪಾತ್ರಕ್ಕೆ ಬಿಡುತ್ತಾರೆ. ಕಾವೇರಿ ಏರಿದಾಗ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಏನಾಗುತ್ತದೆ ಅಂತ ನೋಡಿದವರು ನಾವು, ಆ ದಡದಲ್ಲಿ ಕೂತಾಗ ನನಗೆ ಅರಮನೆಗಿಂತ ಇದೇ ದೊಡ್ಡದು ಅನ್ನಿಸಿತು. ಹತ್ತಿರದ ಪ್ರಾಟರ್ ಪಾರ್ಕಿನಲ್ಲಿ 1897ರ ಜಾಯಿಂಟ್ ವೀಲ್ ಇದೆ, ಸುಮಾರು 65 ಮೀಟರ್ ಎತ್ತರ. ನಮ್ಮ ದಸರಾದ್ದರ ಹಾಗೆ ಹೊಟ್ಟೆ ಕಲಕುವುದಿಲ್ಲ, ಸಣ್ಣ ಕೋಣೆಯಂಥ ಡಬ್ಬಿ, ನಿಧಾನ. ಮೊಣಕಾಲಿಗೇನೂ ತೊಂದರೆ ಇಲ್ಲ.

*ಪ್ರಶ್ನೆ: ನಾವು ನಾಲ್ಕು ಜನ ಗೆಳತಿಯರು, ಇಬ್ಬರು ಸಸ್ಯಾಹಾರಿ, ಇಬ್ಬರು ಎಲ್ಲ ತಿನ್ನುತ್ತೇವೆ, ದನದ ಮಾಂಸ ಮಾತ್ರ ಬೇಡ. ಊಟಕ್ಕೆ ಏನು ಮಾಡುವುದು? — ಸೋಮವಾರಪೇಟೆ*

ಮೆನು ನೋಡುವಾಗ ಸ್ವಲ್ಪ ಹುಷಾರಾಗಿರಬೇಕು. ಎಲ್ಲರೂ ತಿನ್ನಿ ತಿನ್ನಿ ಅನ್ನುವ ‘ವೀನರ್ ಶ್ನಿಟ್ಸೆಲ್’ ಕರುವಿನ ಮಾಂಸದ್ದು. ಹಂದಿಯದ್ದು ಬೇಕಾದರೆ ಮೆನುವಿನಲ್ಲಿ ‘ಫೊಮ್ ಶ್ವೈನ್’ ಅಂತ ಇರುವುದನ್ನು ಹೇಳಿ. ‘ಟಾಫೆಲ್‌ಶ್ಪಿಟ್ಸ್’, ‘ಗುಲಾಶ್’ ಕೂಡ ಸಾಮಾನ್ಯವಾಗಿ ದನದ ಮಾಂಸದ್ದೇ, ಅವನ್ನೂ ಬಿಟ್ಟರೆ ನಿಮ್ಮಿಬ್ಬರಿಗೆ ದೊಡ್ಡ ಚಿಂತೆ ಇಲ್ಲ. ‘ಶ್ವೈನ್ಸ್‌ಬ್ರಾಟನ್’ ಅಂದರೆ ಹಂದಿ ರೋಸ್ಟ್, ಜೊತೆಗೆ ‘ಕ್ನೋಡೆಲ್’ ಅನ್ನುವ ಉಂಡೆ ಇಡುತ್ತಾರೆ. ತಟ್ಟೆ ಮುಂದೆ ಬಂದಾಗ ನಾವು ಮುಖ ಮುಖ ನೋಡಿಕೊಂಡೆವು, ಪಂದಿಕರಿ ಕಡಂಬುಟ್ಟು! ಉಂಡೆ ಅಕ್ಕಿಯದ್ದಲ್ಲ, ಬ್ರೆಡ್ಡಿನದ್ದು. ಕಾಚಂಪುಳಿಯ ಹುಳಿ ಇಲ್ಲ, ಖಾರ ಇಲ್ಲವೇ ಇಲ್ಲ. ಒಂದು ಪೊಟ್ಟಣ ಕರಿಮೆಣಸಿನ ಪುಡಿ ಚೀಲದಲ್ಲಿರಲಿ.

ಸಸ್ಯಾಹಾರಿಗಳಿಗೆ ಚೀಸ್ ಹಾಕಿ ಮೇಲೆ ಹುರಿದ ಈರುಳ್ಳಿ ಉದುರಿಸಿದ ‘ಕೇಸೆಶ್ಪೆಟ್ಸ್ಲೆ’ ಇದೆ. ಸಿಹಿಗೆ ‘ಕೈಸರ್‌ಶ್ಮಾರ್ನ್’, ದಪ್ಪ ದೋಸೆಯನ್ನು ಚೂರು ಚೂರು ಮಾಡಿ ಪ್ಲಮ್ ಗೊಜ್ಜಿನ ಜೊತೆ ಕೊಡುತ್ತಾರೆ. ಎರಡರಲ್ಲೂ ಮೊಟ್ಟೆ ಇದೆ, ಮೊದಲೇ ಹೇಳಿದ್ದೇನೆ. ಮೊಟ್ಟೆಯೂ ಬೇಡದವರಿಗೆ ನಾಶ್‌ಮಾರ್ಕ್ಟ್ ಸಂತೆಯಲ್ಲಿ ಫಲಾಫೆಲ್, ಹಣ್ಣು, ರೊಟ್ಟಿ ಸಿಗುತ್ತದೆ. ಅದು ಶನಿವಾರ ಮಾತ್ರ ನಿಮ್ಮ ಲೆಕ್ಕಕ್ಕೆ, ಭಾನುವಾರ ರಜೆ. ಭಾನುವಾರ ಇಡೀ ಊರಿನ ಅಂಗಡಿಗಳೇ ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನವು ಬಿಟ್ಟು. ನೀರು ಕೊಳ್ಳಬೇಡಿ. ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಒರತೆಯಿಂದ ಬರುತ್ತದೆ, 1873ರಿಂದ ಹೀಗೇ. ನಮ್ಮ ಬೆಟ್ಟದ ನೀರು ಕುಡಿದು ಬೆಳೆದವರಿಗೂ ರುಚಿ ಹಿಡಿಸುತ್ತದೆ.

*ಪ್ರಶ್ನೆ: ವಿಯೆನ್ನಾ ಕಾಫಿ ನಮ್ಮ ಕಾಫಿಗಿಂತ ಚೆನ್ನಾಗಿದೆಯಾ? ಅಲ್ಲಿನ ಸಂಬಂಧಿಕರಿಗೆ ಇಲ್ಲಿಂದ ಏನೇನು ಒಯ್ಯಬಹುದು? — ಸಿದ್ದಾಪುರ*

ಬೆಲ್ಲ ಹಾಕಿದ ಕರಿ ಕಾಫಿ ಕುಡಿದವರನ್ನು ಈ ಪ್ರಶ್ನೆ ಕೇಳಬಾರದು. ಅಲ್ಲಿ ದುಡ್ಡು ಕೊಡುವುದು ಕಾಫಿಗಲ್ಲ, ಕೂರುವುದಕ್ಕೆ. ‘ಮೆಲಾಂಜ್’ ಅಂದರೆ ಹಾಲಿನ ಕಾಫಿ. ‘ಐನ್‌ಶ್ಪೆನರ್’ ಅಂದರೆ ಗ್ಲಾಸಿನಲ್ಲಿ ಕರಿ ಕಾಫಿ, ಮೇಲೆ ಕ್ರೀಮಿನ ಗುಡ್ಡೆ. ಸಣ್ಣ ಲೋಹದ ಟ್ರೇ ಮೇಲೆ ಕಾಫಿ, ಪಕ್ಕದಲ್ಲಿ ಒಂದು ಲೋಟ ನೀರು, ಆ ಲೋಟದ ಬಾಯಿಯ ಮೇಲೆ ಬೋರಲಾಗಿ ಚಮಚ. ಮರದ ಕೋಲಿಗೆ ಸಿಕ್ಕಿಸಿದ ಪೇಪರುಗಳು ನೇತಾಡುತ್ತಿರುತ್ತವೆ. ಒಂದು ಕಪ್ಪಿಗೆ ಎರಡು ಗಂಟೆ ಕೂತರೂ ಯಾರೂ ಏಳಿ ಅನ್ನುವುದಿಲ್ಲ. 1876ರಲ್ಲಿ ಶುರುವಾದ ಕೆಫೆ ಸೆಂಟ್ರಲ್ ಮುಂದೆ ಈಗ ಪ್ರವಾಸಿಗರ ಕ್ಯೂ ಇರುತ್ತದೆ, ಅಲ್ಲಿ ನಿಲ್ಲುವ ಬದಲು ಒಂದು ಗಲ್ಲಿ ಆಚೆ ಹೋಗಿ. 1683ರಲ್ಲಿ ತುರ್ಕರು ಮುತ್ತಿಗೆ ಬಿಟ್ಟು ಓಡಿದಾಗ ಸಿಕ್ಕಿದ ಚೀಲಗಳಿಂದ ಅಲ್ಲಿ ಕಾಫಿ ಶುರುವಾಯಿತು, ಮೊದಲು ಒಂಟೆ ಮೇವು ಅಂದುಕೊಂಡಿದ್ದರು ಅಂತ ಒಂದು ಕಥೆ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಆದರೆ ದಾಖಲೆಯ ಪ್ರಕಾರ 1685ರಲ್ಲಿ ಮೊದಲ ಕಾಫಿ ಅಂಗಡಿಗೆ ಪರವಾನಗಿ ಪಡೆದವನು ಯೊಹಾನೆಸ್ ಡಿಯೊಡಾಟೊ ಅನ್ನುವ ಅರ್ಮೇನಿಯನ್ ವ್ಯಾಪಾರಿ.

ಒಯ್ಯುವ ವಿಷಯ. ಹುರಿದ ಕಾಫಿ ಪುಡಿ ಧಾರಾಳವಾಗಿ ಒಯ್ಯಿರಿ. ಜೇನು ಒಬ್ಬರಿಗೆ ಎರಡು ಕಿಲೋ ತನಕ ಆಗುತ್ತದೆ. ಜೇನು, ಕಾಚಂಪುಳಿ ಎರಡೂ ದೊಡ್ಡ ಪೆಟ್ಟಿಗೆಯಲ್ಲಿರಲಿ, ಕೈಚೀಲದಲ್ಲಿಟ್ಟರೆ ಬೆಂಗಳೂರಿನಲ್ಲೇ ಕಸದ ಬುಟ್ಟಿಗೆ ಹೋಗುತ್ತವೆ. ಮಾಂಸ, ಹಾಲಿನ ಪದಾರ್ಥ ಯಾವುದನ್ನೂ ಯುರೋಪಿನ ಒಳಗೆ ಬಿಡುವುದಿಲ್ಲ. ಆದ್ದರಿಂದ ಪಂದಿ ಉಪ್ಪಿನಕಾಯಿ ಬಾಟಲಿ ಮನೆಯಲ್ಲೇ ಇರಲಿ. ತುಪ್ಪವೂ ಅಷ್ಟೇ.