ಟ್ಯಾಗ್ ಮ್ಯಾನೇಜರ್ ಹಾಕಿದ ಮೇಲೆ ಪುಟವೀಕ್ಷಣೆ ಇಮ್ಮಡಿಯಾಗಿ ಕಾಣುವುದೇಕೆ?

ತಾಣದ ಎಣಿಕೆ ಕೋಡ್‌ಗಳನ್ನು (ಟ್ಯಾಗ್) ಒಂದೇ ಕಡೆಯಿಂದ ನಿಭಾಯಿಸುವ ಗೂಗಲ್ ಟ್ಯಾಗ್ ಮ್ಯಾನೇಜರ್ ಅಳವಡಿಸುವುದು ಹೇಗೆ, ಅಳವಡಿಸಿದ ಮೇಲೆ ಪುಟವೀಕ್ಷಣೆ ಇಮ್ಮಡಿಯಾಗುವುದೇಕೆ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಬಹುತೇಕ ಸಂದರ್ಭಗಳಲ್ಲಿ, ಭೇಟಿಗಳನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನ ಹಳೆಯ ಕೋಡ್ ಪುಟದಲ್ಲಿ ಇನ್ನೂ ಬೀಡುಬಿಟ್ಟಿರುತ್ತದೆ. ಅದೂ ಎಣಿಸುತ್ತದೆ, ಹೊಸ ಟ್ಯಾಗೂ ಎಣಿಸುತ್ತದೆ. ಥೀಮ್ ಮತ್ತು ಪ್ಲಗಿನ್‌ಗಳಲ್ಲಿ ಹುಡುಕಿ ಹಳೆಯದನ್ನು ತೆಗೆಯಿರಿ.

ಅಳವಡಿಕೆ ಸುಲಭ. ಟ್ಯಾಗ್ ಮ್ಯಾನೇಜರ್‌ನಲ್ಲಿ ಕಂಟೇನರ್ (ನಿಮ್ಮ ತಾಣದ ಟ್ಯಾಗ್‌ಗಳನ್ನು ಇಡುವ ಡಬ್ಬಿ) ರಚಿಸಿದಾಗ ಎರಡು ಕೋಡ್ ತುಣುಕುಗಳು ಸಿಗುತ್ತವೆ. ಒಂದನ್ನು ಪುಟದ ಎಚ್‌ಟಿಎಂಎಲ್ ಕೋಡ್‌ನ ಹೆಡ್ ಭಾಗದಲ್ಲಿ ಆದಷ್ಟು ಮೇಲೆ, ಇನ್ನೊಂದನ್ನು ಬಾಡಿ ಆರಂಭವಾದ ಕೂಡಲೇ, ಎಲ್ಲ ಪುಟಗಳಲ್ಲೂ ಅಂಟಿಸಿ. ಬಳಿಕ ‘ಗೂಗಲ್ ಟ್ಯಾಗ್’ ಸೇರಿಸಿ, ಅನಲಿಟಿಕ್ಸ್‌ನ ಮೆಷರ್‌ಮೆಂಟ್ ಐಡಿ (ನಿಮ್ಮ ತಾಣದ ಎಣಿಕೆಯ ಗುರುತು) ಕೊಟ್ಟು, ಎಲ್ಲ ಪುಟಗಳ ಇನಿಷಿಯಲೈಸೇಶನ್ ಟ್ರಿಗರ್ (ಟ್ಯಾಗ್ ಯಾವಾಗ ಕೆಲಸ ಮಾಡಬೇಕೆಂಬ ನಿಯಮ) ಆರಿಸಿ.

ಪ್ರಕಟಿಸುವ ಮುನ್ನ ಪರೀಕ್ಷಿಸಿ ನೋಡುವ ಪ್ರಿವ್ಯೂ ಮಾತ್ರ ಬಿಡಬೇಡಿ. ನಿಮ್ಮ ತಾಣ ಬೇರೆ ಕಿಟಕಿಯಲ್ಲಿ ತೆರೆಯುತ್ತದೆ. ನೀವು ಅಲ್ಲಿ ಓಡಾಡಿದಂತೆ, ಪರೀಕ್ಷೆಯ ಫಲಿತಾಂಶ ತೋರಿಸುವ ಟ್ಯಾಗ್ ಅಸಿಸ್ಟೆಂಟ್‌ನ ಎಡಬದಿಯಲ್ಲಿ ಒಂದೊಂದೇ ಘಟನೆ ದಾಖಲಾಗುತ್ತದೆ. ಯಾವುದನ್ನಾದರೂ ಒತ್ತಿದರೆ ಆಗ ಯಾವ ಟ್ಯಾಗ್ ಕೆಲಸ ಮಾಡಿತು, ಯಾವುದು ಸುಮ್ಮನಿತ್ತು ಎಂಬುದು ಕಾಣುತ್ತದೆ. ನೋಡಲು ಮಜವಾಗಿಯೂ ಇರುತ್ತದೆ!

ಕೊನೆಗೆ ಸಬ್ಮಿಟ್ ಒತ್ತಿ ಪ್ರಕಟಿಸಿ. ನಾನೊಮ್ಮೆ ಇದನ್ನೇ ಮರೆತು ಎರಡು ದಿನ ಖಾಲಿ ವರದಿಯನ್ನು ದಿಟ್ಟಿಸುತ್ತಾ ಕುಳಿತಿದ್ದೆ.